ಬಂಡವಾಳಕ್ಕೆ ಬಯಲು, ದುಡಿಮೆಗೆ ಬೇಲಿ

ಅಮೆರಿಕದ ರಾಜಕಾರಣದಲ್ಲಿ ಕಾರ್ಮಿಕರ ಸಂಕಷ್ಟದ ಪ್ರಸ್ತಾಪ ಬಂದಾಗಲೆಲ್ಲ ಬೆರಳು ವಲಸಿಗರತ್ತ ಹೊರಳುತ್ತದೆ. ಹೊರಗಿನವರು ಬಂದಿದ್ದರಿಂದ ಕೂಲಿ ಇಳಿಯಿತು, ಅವರನ್ನು ತಡೆದರೆ ಏರುತ್ತದೆ ಎಂಬುದು ಈ ವಾದದ ಸಾರ. ಬೇಡಿಕೆ ಮತ್ತು ಪೂರೈಕೆಯ ಮೊದಲ ಪಾಠ ಓದಿದವರಿಗೆ ಇದು ಸಹಜವೆಂದೇ ತೋರುತ್ತದೆ. ಆದರೆ ಆ ದೇಶದ ಅನುಭವ ಬೇರೆಯೇ ಇದೆ.

ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಮೆಕ್ಸಿಕೊದ ಕೃಷಿ ಕೂಲಿಗಳನ್ನು ತಾತ್ಕಾಲಿಕವಾಗಿ ಕರೆತರುವ 'ಬ್ರಸೇರೊ' ಯೋಜನೆ ಆರಂಭವಾಯಿತು. 22 ವರ್ಷಗಳಲ್ಲಿ ಸುಮಾರು 46 ಲಕ್ಷ ಕರಾರುಗಳಾದವು. ಕರಾರಿನ ಮಾಲೀಕನನ್ನು ಬಿಟ್ಟು ಬೇರೆಡೆ ದುಡಿಯುವ ಸ್ವಾತಂತ್ರ್ಯ ಈ ಕೂಲಿಗಳಿಗೆ ಇರಲಿಲ್ಲ. ಸ್ಥಳೀಯರ ಕೂಲಿ ಹೆಚ್ಚಲೆಂದು 1964ರ ಕೊನೆಗೆ ಯೋಜನೆಯನ್ನು ನಿಲ್ಲಿಸಲಾಯಿತು. ಆದರೆ ಮೈಕೆಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸ್ಥಳೀಯರ ಕೂಲಿ ಗಮನಾರ್ಹವಾಗಿ ಏರಲೇ ಇಲ್ಲ. ಜಮೀನುದಾರರು ಟೊಮೆಟೊ ಕೊಯ್ಲಿಗೆ ಯಂತ್ರಗಳನ್ನು ತಂದರು. ಯಂತ್ರ ಒಗ್ಗದ ಕೆಲವು ಬೆಳೆಗಳನ್ನು ಕಡಿಮೆ ಮಾಡಿದರು. ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ, ನಿಜ. 1980ರಲ್ಲಿ ಮಯಾಮಿಗೆ ಬಂದಿಳಿದ ಕ್ಯೂಬನ್ನರಿಂದ ಅಲ್ಲಿನ ಕೂಲಿಗೆ ಧಕ್ಕೆಯಾಗಲಿಲ್ಲ ಎಂದು ಡೇವಿಡ್ ಕಾರ್ಡ್ ಕಂಡುಕೊಂಡರೆ, ಕಡಿಮೆ ಓದಿದವರ ಕೂಲಿ ಕುಸಿಯಿತೆಂದು ಜಾರ್ಜ್ ಬೋರ್ಹಾಸ್ ವಾದಿಸಿದರು.

ವಲಸೆಯ ಪರಿಣಾಮ ಎಷ್ಟೇ ಇರಲಿ, ಕಾರ್ಮಿಕನ ಚೌಕಾಸಿಯ ಶಕ್ತಿಯನ್ನು ಕುಗ್ಗಿಸಿದ ನಿರ್ಧಾರಗಳು ಕಣ್ಣೆದುರಿಗೇ ಇವೆ. ಮಾರುಕಟ್ಟೆಯೇ ಸರ್ವಸ್ವವೆಂಬ ಸಿದ್ಧಾಂತವನ್ನು ನೆಚ್ಚಿದ ರೇಗನ್ ಸರ್ಕಾರ 1981ರಲ್ಲಿ ಮುಷ್ಕರನಿರತ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ವಜಾ ಮಾಡಿತು. 1983ರಲ್ಲಿ ನೌಕರರ ಪೈಕಿ ಶೇ 20ರಷ್ಟು ಮಂದಿ ಕಾರ್ಮಿಕ ಸಂಘಗಳಲ್ಲಿದ್ದರು. 2023ರ ವೇಳೆಗೆ ಈ ಪ್ರಮಾಣ ಶೇ 10ಕ್ಕೆ ಇಳಿಯಿತು. 2009ರಲ್ಲಿ ಗಂಟೆಗೆ 7.25 ಡಾಲರ್ ಎಂದು ನಿಗದಿಯಾದ ಫೆಡರಲ್ ಕನಿಷ್ಠ ವೇತನ ಮುಂದಿನ 15 ವರ್ಷ ಒಂದು ಸೆಂಟ್ ಕೂಡ ಏರಲಿಲ್ಲ. ಇವಾವುವೂ ವಲಸಿಗರು ಕೈಗೊಂಡ ತೀರ್ಮಾನಗಳಲ್ಲ.

ಈ ಸಿದ್ಧಾಂತದ ದ್ವಂದ್ವ 1994ರಲ್ಲಿ ಸ್ಪಷ್ಟವಾಗಿ ಪ್ರಕಟವಾಯಿತು. ಜನವರಿಯಲ್ಲಿ ಜಾರಿಗೆ ಬಂದ ನಾಫ್ಟಾ ಒಪ್ಪಂದ ಸರಕು ಮತ್ತು ಬಂಡವಾಳಕ್ಕೆ ಮೆಕ್ಸಿಕೊ ಗಡಿಯನ್ನು ತೆರೆಯಿತು. ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೊ ಬಳಿ ಅದೇ ಗಡಿಯಲ್ಲಿ ಜನರನ್ನು ತಡೆಯಲು 'ಆಪರೇಷನ್ ಗೇಟ್‌ಕೀಪರ್' ಆರಂಭವಾಯಿತು. ಹಾಗೂ ಗಡಿ ದಾಟಿ ಬಂದವರು ಕೆಲಸಕ್ಕೆ ಬೇಕಾದರು, ಹಕ್ಕಿಗೆ ಬೇಡವಾದರು. ಸಂಘ ಕಟ್ಟಲು ಬೆಂಬಲಿಸಿದ್ದಕ್ಕಾಗಿ ಕಾನೂನುಬಾಹಿರವಾಗಿ ಕೆಲಸದಿಂದ ತೆಗೆದರೂ, ದಾಖಲೆಯಿಲ್ಲದ ಕಾರ್ಮಿಕನಿಗೆ ಬಾಕಿ ವೇತನ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ 5–4ರ ಬಹುಮತದಿಂದ ತೀರ್ಪಿತ್ತಿತು. ದೂರು ಕೊಡಲಾಗದವನನ್ನು ಇಟ್ಟುಕೊಳ್ಳುವುದು ಮಾಲೀಕನಿಗೆ ಅಗ್ಗವಾದಾಗ, ಪಕ್ಕದಲ್ಲಿ ದುಡಿಯುವ ಪ್ರಜೆಯ ದನಿಯೂ ಉಡುಗುತ್ತದೆ.

ನಮ್ಮವರೂ ಇದಕ್ಕೆ ಹೊರತಲ್ಲ. ವರ್ಷಕ್ಕೆ 65 ಸಾವಿರ ಹಾಗೂ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ 20 ಸಾವಿರ ಎಂಬ ಮಿತಿಯುಳ್ಳ ಎಚ್-1ಬಿ ವೀಸಾದ ಬಹುಪಾಲು ಭಾರತೀಯರಿಗೇ ದೊರೆಯುತ್ತ ಬಂದಿದೆ. ಅವರಲ್ಲಿ ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗಳೂ ಬಹಳ. ಕೆಲಸ ಬದಲಿಸಬೇಕಾದರೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳ ಗಡುವು. ಗ್ರೀನ್ ಕಾರ್ಡ್‌ಗೆ ಪ್ರತಿ ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ದೀರ್ಘ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಅದರಿಂದ ಪ್ರವೇಶದ ಬೆಲೆ ಏರಿತೇ ಹೊರತು ಮಾಲೀಕನ ಮೇಲಿನ ಅವಲಂಬನೆ ಒಂದಿಷ್ಟೂ ಸಡಿಲಗೊಳ್ಳಲಿಲ್ಲ.

ಸೇವಾ ವಲಯದ ವಾಣಿಜ್ಯ ಮಾತುಕತೆಗಳಲ್ಲಿ ಭಾರತ ಬಹುಕಾಲದಿಂದ ತನ್ನ ವೃತ್ತಿಪರರಿಗೆ ಹೆಚ್ಚಿನ ಪ್ರವೇಶಾವಕಾಶ ಕೇಳುತ್ತ ಬಂದಿದೆ. ಹೋದವರು ಮಾಲೀಕನ ಅಪ್ಪಣೆಯಿಲ್ಲದೆ ಕೆಲಸ ಬದಲಿಸುವ, ಅಂಜದೆ ದೂರು ನೀಡುವ ಹಕ್ಕನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಆ ಹಕ್ಕು ದೊರೆತರೆ ಅಗ್ಗದ ದುಡಿಮೆಯಾಗಿ ಬಳಕೆಯಾಗುವ ಅವಮಾನ ನಮ್ಮವರಿಗೆ ತಪ್ಪುತ್ತದೆ. ಅವರೊಡನೆ ದುಡಿಯುವ ಅಮೆರಿಕನ್ನರ ಸಂಬಳಕ್ಕೂ ರಕ್ಷಣೆ ದೊರೆಯುತ್ತದೆ.