ಡೀಸೆಲ್ ಕೊಳವೆಗೂ ಒಂದು ವಯಸ್ಸಿದೆ

ಯಂತ್ರವೊಂದು ಕೆಟ್ಟು ನಿಂತಾಗ ನಾವು ಮೊದಲು ಸಂದೇಹಪಡುವುದು ಅದರ ದೊಡ್ಡ ಅಂಗಗಳನ್ನು. ಪಿಸ್ಟನ್ ಸವೆದಿರಬೇಕು, ಪಂಪು ಕೆಟ್ಟಿರಬೇಕು ಎಂದು ಊಹಿಸುತ್ತೇವೆ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ತರುವ ಬೆರಳುಗಾತ್ರದ ರಬ್ಬರ್ ಕೊಳವೆಯ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಬಹಳ ತಡವಾಗಿ. ಗುಬ್ಬಿ, ಕುಣಿಗಲ್ ಸೀಮೆಯ ತೆಂಗು ಅಡಿಕೆ ತೋಟಗಳಲ್ಲಿ ದುಡಿಯುವ ಟಿಲ್ಲರು, ಟ್ರ್ಯಾಕ್ಟರುಗಳಲ್ಲಿಯೂ, ಹೊಂಡದಿಂದ ನೀರೆತ್ತುವ ಡೀಸೆಲ್ ಪಂಪುಗಳಲ್ಲಿಯೂ, ತುಮಕೂರಿನಲ್ಲಿ ವಿದ್ಯುತ್ತು ಹೋದಾಗ ನಡೆಯುವ ಜನರೇಟರುಗಳಲ್ಲಿಯೂ ಈ ಕೊಳವೆ ಇದ್ದೇ ಇದೆ. ಅದು ಹಳೆಯದಾಯಿತು, ಬದಲಾಯಿಸಿ ಎಂದರೆ ಬರುವ ಉತ್ತರ ಒಂದೇ: “ಸೋರುತ್ತಿಲ್ಲವಲ್ಲ, ಇರಲಿ ಬಿಡಿ.” ಈ ಉತ್ತರ ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ತುಂತುರಾಗಿ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಚಿಮ್ಮಬೇಕಾದರೆ ಸಾಮಾನ್ಯವಾದ ಸಣ್ಣ ಎಂಜಿನ್ನಿನಲ್ಲಿಯೂ ಸುಮಾರು ೨೦೦ ವಾಯುಭಾರದಷ್ಟು ಒತ್ತಡ ಬೇಕು. ಚಿಮ್ಮುವ ಇಂಧನವಾದರೂ ಎಷ್ಟು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಐದು ಅಶ್ವಶಕ್ತಿಯ ಎಂಜಿನ್ನು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಲೀಟರು ಡೀಸೆಲ್ ಉರಿಸುತ್ತದೆ. ಅದು ನಿಮಿಷಕ್ಕೆ ೧,೫೦೦ ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಾದರೆ ಎರಡು ಸುತ್ತಿಗೊಮ್ಮೆ, ಅಂದರೆ ಗಂಟೆಗೆ ೪೫,೦೦೦ ಸಲ, ಇಂಧನ ಚಿಮ್ಮಬೇಕು. ಒಂದು ಸಲಕ್ಕೆ ಬರುವುದು ಸುಮಾರು ೨೨ ಘನ ಮಿಲಿಮೀಟರು. ಒಂದು ನೀರಹನಿಯ ಅರ್ಧದಷ್ಟು! ಈ ಅರ್ಧ ಹನಿಯ ಜಾಗದಲ್ಲಿ ಗಾಳಿಯ ಗುಳ್ಳೆಯೊಂದು ಬಂದು ಕುಳಿತಿತೆನ್ನಿ. ೨೦೦ ವಾಯುಭಾರದ ಒತ್ತಡಕ್ಕೆ ಡೀಸೆಲ್ ನೂರರಲ್ಲಿ ಒಂದೆರಡು ಪಾಲು ಮಾತ್ರ ಕುಗ್ಗುತ್ತದೆ. ಗಾಳಿಯಾದರೋ ಬಹುಮಟ್ಟಿಗೆ ಕುಗ್ಗಿಹೋಗುತ್ತದೆ. ಪಂಪಿನ ನೂಕುವಿಕೆಯೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ವ್ಯರ್ಥವಾಗಿ ನಾಜಲ್ ತೆರೆಯುವುದೇ ಇಲ್ಲ. “ಏರ್ ಹಿಡಿದಿದೆ” ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ.

ಆ ಗಾಳಿ ಬಂದದ್ದೆಲ್ಲಿಂದ? ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿದ್ದರೆ ಕೊಳವೆಯ ಬಿರುಕಿನಿಂದ ಡೀಸೆಲ್ ಹೊರಕ್ಕೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲನ್ನು ಹೀರಿಕೊಳ್ಳುವ ಕಡೆ, ಕೊಳವೆಯೊಳಗಿನ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಕಡಿಮೆಯಿರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಬಾರದು, ಗಾಳಿ ಒಳನುಗ್ಗುವುದು. ಅಷ್ಟೇ ಅಲ್ಲ, ಗಾಳಿಯ ಸ್ನಿಗ್ಧತೆ ಡೀಸೆಲಿನದಕ್ಕಿಂತ ನೂರು ಪಟ್ಟಿಗೂ ಮಿಗಿಲಾಗಿ ಕಡಿಮೆ. ಡೀಸೆಲ್ ಜಿನುಗಲಾರದಷ್ಟು ಕಿರಿದಾದ ಸಂದಿಯಲ್ಲಿಯೂ ಗಾಳಿ ಸಲೀಸಾಗಿ ನುಸುಳುತ್ತದೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯವನ್ನು ನೋಡಿದವರು ಅಲ್ಲಿನ ಸ್ವಯಂಚಾಲಿತ ಸೈಫನ್ನುಗಳನ್ನು ನೆನಪಿಸಿಕೊಳ್ಳಲಿ. ನೀರು ಮಟ್ಟ ಮೀರಿದೊಡನೆ ಅವು ತಾವಾಗಿಯೇ ಹರಿಯತೊಡಗುತ್ತವೆ. ಮಟ್ಟ ಇಳಿದು ಗಾಳಿ ಒಳಹೊಕ್ಕೊಡನೆ ಹರಿವು ಕಡಿಯುತ್ತದೆ. ಅಲ್ಲಿ ನಮಗೆ ಉಪಕಾರಿಯಾದ ಗಾಳಿಯೇ ಇಲ್ಲಿ ಅಪಕಾರಿ. ಆದುದರಿಂದ ಸೋರದಿರುವುದು ಕೊಳವೆಯ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಇನ್ನು ರಬ್ಬರು ಮುಪ್ಪಾಗುವ ಬಗೆ. ಸಹಜ ರಬ್ಬರು ಡೀಸೆಲಿನಲ್ಲಿ ಉಬ್ಬಿ ಹಾಳಾಗುವುದರಿಂದ ಇಂಧನದ ಕೊಳವೆಗಳಿಗೆ ನೈಟ್ರೈಲ್ ಮೊದಲಾದ ಕೃತಕ ರಬ್ಬರುಗಳನ್ನು ಬಳಸುತ್ತಾರೆ. ಅದನ್ನು ಮೆದುವಾಗಿಡುವ ದ್ರವ್ಯವನ್ನು ಡೀಸೆಲ್ ಮೆಲ್ಲಮೆಲ್ಲನೆ ಕರಗಿಸಿಕೊಂಡು ಹೋಗುತ್ತದೆ. ಎಂಜಿನ್ನಿನ ಕಾವೂ ಗಾಳಿಯ ಆಮ್ಲಜನಕವೂ ಸೇರಿ ರಬ್ಬರಿನ ಅಣುಸರಪಳಿಗಳನ್ನು ಒಂದಕ್ಕೊಂದು ಬಿಗಿದು ಪೆಡಸಾಗಿಸುತ್ತವೆ. ಇಂಧನ ಬದಲಾದರೂ ತೊಂದರೆಯುಂಟು. ೧೯೯೩ರಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆಯಿರುವ ಡೀಸೆಲ್ ಬಂದಾಗ, ಹಳೆಯ ಡೀಸೆಲಿನಲ್ಲಿ ಉಬ್ಬಿಕೊಂಡಿದ್ದ ಕೆಲವು ನೈಟ್ರೈಲ್ ಸೀಲುಗಳು ಕುಗ್ಗಿ ಸೋರತೊಡಗಿದವು. ಗಂಧಕದೊಡನೆ, ರಬ್ಬರನ್ನು ಉಬ್ಬಿಸುತ್ತಿದ್ದ ಆರೊಮ್ಯಾಟಿಕ್ ಅಂಶವೂ ತಗ್ಗಿದ್ದುದೇ ಅದಕ್ಕೆ ಕಾರಣ. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಕಿಲೋಗ್ರಾಮಿಗೆ ೧೦ ಮಿಲಿಗ್ರಾಮಿಗಿಂತ ಹೆಚ್ಚು ಗಂಧಕವಿಲ್ಲದ ಡೀಸೆಲೇ ಮಾರಾಟದಲ್ಲಿದೆ. ಅದಕ್ಕೂ ಹಿಂದಿನ ಕೊಳವೆ ಇನ್ನೂ ಬಳಕೆಯಲ್ಲಿದ್ದರೆ ಅದನ್ನು ನಂಬದಿರುವುದೇ ಲೇಸು. ಒಳಗಿನ ಇಂಧನ ಕಾಣಲೆಂದು ಕೆಲವರು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಹಾಕುತ್ತಾರೆ. ನೋಡಬೇಕೆಂಬ ಆಸೆ ನಮಗೂ ಮೆಚ್ಚುಗೆಯೇ. ಆದರೆ ಸಾಮಾನ್ಯ ಪಿ.ವಿ.ಸಿ. ಕೊಳವೆ ಡೀಸೆಲಿಗೂ ಬಿಸಿಲಿಗೂ ಸಿಕ್ಕಿ ಬೇಗನೆ ಗಡುಸಾಗಿ ಸೀಳುತ್ತದೆ.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ಚರ್ಚೆ ಏಕೆಂದು ವಾಚಕರು ಕೇಳಬಹುದು. ೧೯೮೮ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಗ್ರಾಮದಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು, ಆ ಅನಿಲದಿಂದ ಡೀಸೆಲ್ ಎಂಜಿನ್ ನಡೆಸಿ ಮನೆಗಳಿಗೆ ಬೆಳಕು ಕೊಟ್ಟರು; ಮುಂದೆ ಕುಡಿಯುವ ನೀರಿಗೂ ಹಿಟ್ಟಿನ ಗಿರಣಿಗೂ ಅದೇ ಶಕ್ತಿ ಒದಗಿತು. ಅನಿಲವು ಡೀಸೆಲಿನ ಬಹುಪಾಲನ್ನು ಉಳಿಸಿದರೂ ಅದನ್ನು ಹೊತ್ತಿಸಲು ತುಸು ಡೀಸೆಲ್ ಬೇಕೇ ಬೇಕಿತ್ತು. ಇಂತಹ ಏರ್ಪಾಟಿನಲ್ಲಿ ಆ ತುಸು ಡೀಸೆಲಿನ ಕೊಳವೆ ಕೈಕೊಟ್ಟರೆ ಊರಿನ ದೀಪವೂ ನೀರೂ ಒಟ್ಟಿಗೆ ನಿಲ್ಲುತ್ತವೆ. ಕೊಳವೆ ಸೋರಿದರೆ ಕಾದ ಸೈಲೆನ್ಸರಿನ ಮೇಲೆ ಡೀಸೆಲ್ ಬಿದ್ದು ಬೆಂಕಿ ಹೊತ್ತುವ ಭಯವೂ ಉಂಟು.

ಗುಬ್ಬಿ ತಾಲ್ಲೂಕಿನಲ್ಲಿಯೇ ಹಿಂದೂಸ್ತಾನ್ ಏರೋನಾಟಿಕ್ಸಿನ ಹೆಲಿಕಾಪ್ಟರ್ ಕಾರ್ಖಾನೆ ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ವಿಮಾನೋದ್ಯಮದಲ್ಲಿ ಬಾಗುವ ಕೊಳವೆಗೆ ತಯಾರಾದ ದಿನಾಂಕವಿರುತ್ತದೆ. ಅವಧಿ ಗೊತ್ತುಪಡಿಸಿದ ಕೊಳವೆಯನ್ನು, ನೋಡಲು ಹೊಸದರಂತಿದ್ದರೂ, ಅವಧಿ ಮುಗಿದ ಮೇಲೆ ತೆಗೆದುಹಾಕುತ್ತಾರೆ. ಪಕ್ಕದ ತೋಟದ ಟಿಲ್ಲರಿಗೆ ಈ ನಿಯಮ ಏಕೆ ಬೇಡ? ಕೆಲವು ಟ್ರ್ಯಾಕ್ಟರ್ ತಯಾರಕರ ಕೈಪಿಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಇಂಧನ ಕೊಳವೆ ಬದಲಾಯಿಸಿ ಎಂದು ಸ್ಪಷ್ಟವಾಗಿಯೇ ಇದೆ. ಚೆನ್ನಾಗಿರುವುದನ್ನು ಎಸೆಯುವುದು ದುಂದಲ್ಲವೇ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಜನರ ಮಿತವ್ಯಯ ದೊಡ್ಡ ಗುಣ. ಆದರೆ ಈ ಕೊಳವೆಯ ಬೆಲೆ ಟ್ರ್ಯಾಕ್ಟರೊಂದು ದಿನವಿಡೀ ದುಡಿದು ಕುಡಿಯುವ ಡೀಸೆಲಿನ ಬೆಲೆಗಿಂತ ಕಡಿಮೆ. ಬೇಸಗೆಯಲ್ಲಿ ಪಂಪು ನಿಂತು ಅಡಿಕೆ ಸಸಿ ಒಣಗಿದರೆ ಆಗುವ ನಷ್ಟ ಎಷ್ಟೆಂಬುದನ್ನು ತೋಟದವರಿಗೆ ನಾವು ಹೇಳಬೇಕಾಗಿಲ್ಲ.

ಬದಲಾಯಿಸುವಾಗ ಎಂಜಿನ್ ತಣ್ಣಗಿರಬೇಕು, ಟ್ಯಾಂಕಿನ ಕಾಕ್ ಮುಚ್ಚಿರಬೇಕು. ಡೀಸೆಲಿಗೆಂದೇ ತಯಾರಾದ, ಒಳವ್ಯಾಸ ಸರಿಹೊಂದುವ ಕೊಳವೆ ಹಾಕಿ, ಕ್ಲಿಪ್ಪುಗಳನ್ನೂ ಹೊಸದಾಗಿಸಿ, ಕೊನೆಗೆ ಗಾಳಿ ತೆಗೆಯಬೇಕು. ಪಂಪಿನಿಂದ ನಾಜಲಿಗೆ ಹೋಗುವ ಉಕ್ಕಿನ ಕೊಳವೆಯ ಮಾತು ಬೇರೆ. ಎಂಜಿನ್ ನಡೆಯುತ್ತಿರುವಾಗ ಅದರ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಲೇಬಾರದು. ಆ ಒತ್ತಡದ ಧಾರೆ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ತೆಗೆದ ಕೊಳವೆಯನ್ನು ಕಸಕ್ಕೆ ಹಾಕುವ ಮೊದಲು ವಿದ್ಯಾರ್ಥಿಗಳು ಅದನ್ನು ಉದ್ದಕ್ಕೆ ಸೀಳಿ ಒಳಮೈಯನ್ನು ಮಸೂರದಿಂದ ನೋಡಲಿ. ಹೊಸ ತುಂಡೊಂದನ್ನು ಪಕ್ಕದಲ್ಲಿಟ್ಟು ಎರಡನ್ನೂ ಬಾಗಿಸಿ ಹೋಲಿಸಲಿ. ಹೊಸದಾಗಿ ಹಾಕಿದ ಕೊಳವೆಯ ಮೇಲೆ ಅಂದಿನ ತಾರೀಖನ್ನು ಬಿಳಿ ಬಣ್ಣದಲ್ಲಿ ಬರೆದಿಡಲಿ.