ಬದುಕಿರುವಾಗ ಸಿಗದ ಬೆಲೆ

1989ರ ಮಾರ್ಚ್ 3ರಂದು ಜೆಮ್‌ಶೆಡ್‌ಪುರದಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರ 150ನೇ ಜನ್ಮದಿನದ ಸಮಾರಂಭ ನಡೆಯುತ್ತಿದ್ದಾಗ ಚಪ್ಪರಕ್ಕೆ ಬೆಂಕಿ ಹೊತ್ತಿಕೊಂಡಿತು. ಸತ್ತವರಲ್ಲಿ ಮನೆವಾರ್ತೆ ನೋಡಿಕೊಂಡಿದ್ದ ಹೆಂಗಸರೂ ಇದ್ದರು. ಪರಿಹಾರ ಲೆಕ್ಕ ಹಾಕುವಾಗ ಒಂದು ತೊಡಕು ಎದುರಾಯಿತು. ಸಂಬಳದ ಚೀಟಿಯೇ ಇಲ್ಲದ ಹೆಂಗಸು ಹೋದಾಗ ಮನೆಗಾದ ನಷ್ಟ ಎಷ್ಟು? 2001ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು: 34ರಿಂದ 59 ವರ್ಷದೊಳಗಿನ ಗೃಹಿಣಿಯ ಸೇವೆಗೆ ಎಷ್ಟು ಕಡಿಮೆ ಹಿಡಿದರೂ ತಿಂಗಳಿಗೆ 3,000 ರೂಪಾಯಿ.

ಅಲ್ಲಿಂದೀಚೆಗೆ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಗಂಭೀರ ಚರ್ಚೆ ಈ ದೇಶದಲ್ಲಿ ನಡೆದಿರುವುದು ಬಹುಪಾಲು ಅಪಘಾತ ಪರಿಹಾರದ ಮೊಕದ್ದಮೆಗಳಲ್ಲೇ. ಅದಕ್ಕೂ ಮೊದಲೇ, ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ, ದುಡಿಯದ ಸಂಗಾತಿಯ ಆದಾಯವನ್ನು ದುಡಿಯುವ ಸಂಗಾತಿಯ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿದಿತ್ತು. ಅಂದರೆ ಗಂಡ ಅಧಿಕಾರಿಯಾಗಿದ್ದರೆ ಹೆಂಡತಿ ಮಾಡಿದ ಅಡುಗೆಗೆ ಒಂದು ಬೆಲೆ, ಗಂಡ ಹಮಾಲಿಯಾಗಿದ್ದರೆ ಅದೇ ಅಡುಗೆಗೆ ಇನ್ನೊಂದು ಬೆಲೆ. 2010ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಇನ್ನೂ ನೋವಿನ ಸಂಗತಿಯೊಂದನ್ನು ಎತ್ತಿ ತೋರಿಸಿದರು. 2001ರ ಜನಗಣತಿ ಸುಮಾರು 36 ಕೋಟಿ ಹೆಂಗಸರನ್ನು ‘ಕೆಲಸ ಮಾಡದವರು’ ಎಂದು ಬರೆದುಕೊಂಡು ಭಿಕ್ಷುಕರು, ಕೈದಿಗಳ ಜೊತೆ ಒಂದೇ ಗುಂಪಿಗೆ ಹಾಕಿತ್ತು. 2024ರ ಫೆಬ್ರುವರಿಯಲ್ಲೂ ಸುಪ್ರೀಂ ಕೋರ್ಟ್, ಗೃಹಿಣಿಯ ಆದಾಯವನ್ನು ದಿನಗೂಲಿ ಕಾರ್ಮಿಕನ ಆದಾಯಕ್ಕಿಂತ ಕಡಿಮೆ ಹಿಡಿಯುವುದು ಹೇಗೆ ಎಂದು ಕೇಳಬೇಕಾಯಿತು. ಅದು 2006ರ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬಳ ಪ್ರಕರಣ. ಆಕೆಯ ಮನೆಯವರಿಗೆ 6 ಲಕ್ಷ ರೂಪಾಯಿ ಪರಿಹಾರ ಸಿಗುವ ಹೊತ್ತಿಗೆ ಸುಮಾರು ಹದಿನೆಂಟು ವರ್ಷ ಉರುಳಿತ್ತು.

ಈ ತೀರ್ಪುಗಳು ದೊಡ್ಡವು. ಆದರೆ ಅವುಗಳ ಫಲ ಉಣ್ಣಲು ಆಕೆಯೇ ಇಲ್ಲ.

ಬದುಕಿರುವ ಗೃಹಿಣಿಗೆ ಸಿಗುವುದು ಬೇರೆ ಮಾತು. ಮದುವೆ ಮನೆಯಲ್ಲಿ ಸಿಕ್ಕ ನೆಂಟರು ‘ಏನು ಮಾಡ್ಕೊಂಡಿದ್ದೀಯಮ್ಮ?’ ಎನ್ನುತ್ತಾರೆ. ‘ಮನೇಲೇ ಇದ್ದೀನಿ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಎಂಜಿನಿಯರಿಂಗ್ ಓದಿದವಳಾದರೆ ‘ಅಷ್ಟು ಖರ್ಚು ಮಾಡಿ ಓದಿಸಿದ್ದು ದಂಡ’ ಎಂಬ ಮಾತು ಬೆನ್ನ ಹಿಂದೆ ಬರುತ್ತದೆ. ಅದೇ ನೆಂಟರು ಕೆಲಸಕ್ಕೆ ಹೋಗುವ ಇನ್ನೊಬ್ಬ ಸೊಸೆಯ ಬಗ್ಗೆ ‘ಮಗೂನ ಆಯಾ ಕೈಗೆ ಕೊಟ್ಟು ಹೋಗ್ತಾಳೆ’ ಎನ್ನುವುದೂ ಉಂಟು. ಇಬ್ಬರನ್ನೂ ಒಬ್ಬರಿಗೊಬ್ಬರು ಎದುರಾಳಿಗಳನ್ನಾಗಿ ನಿಲ್ಲಿಸಿ ನೋಡುವ ಈ ಚಾಳಿಯಿಂದ ಯಾವ ಮಗುವಿಗೂ ಒಳಿತಾಗಿಲ್ಲ.

ಇನ್ನೊಂದು ಮಾತು ಬಲು ಮೆತ್ತಗೆ ಕೇಳಿಸುತ್ತದೆ: ‘ನೀನು ಹೇಗೂ ಮನೇಲೇ ಇರ್ತೀಯಲ್ಲ.’ ಈ ಒಂದು ಮಾತಿನ ಮೇಲೆ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು, ಗ್ಯಾಸ್ ಸಿಲಿಂಡರಿಗೆ ಕಾಯುವುದು, ಶಾಲೆಯ ಪೋಷಕರ ಸಭೆ, ಪಕ್ಕದ ಮನೆಯ ಮಗುವನ್ನು ಸಂಜೆಯವರೆಗೆ ನೋಡಿಕೊಳ್ಳುವುದು, ಊರಿಂದ ಬಂದವರ ಊಟೋಪಚಾರ ಎಲ್ಲವೂ ಒಬ್ಬಳ ಪಾಲಿಗೆ ಬಂದು ಸೇರುತ್ತವೆ. ಕೆಲಸವಿಲ್ಲ ಎನ್ನಿಸಿಕೊಂಡವಳೇ ಎಲ್ಲರ ಕೆಲಸಕ್ಕೂ ಒದಗಬೇಕು.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು, ವೃದ್ಧರ ಆರೈಕೆಯ ಲೆಕ್ಕ ಬೇರೆ: ಹೆಂಗಸರು 137 ನಿಮಿಷ, ಗಂಡಸರು 75. 2019ರ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ತಗ್ಗಿದೆ, ನಿಜ. ಆದರೆ ಗಂಡಸರ ಕೊಡುಗೆಯೂ ಒಂಬತ್ತು ನಿಮಿಷ ತಗ್ಗಿದೆ. ಇಷ್ಟೆಲ್ಲ ದುಡಿಮೆಗೆ ಉದ್ಯೋಗ ಸಮೀಕ್ಷೆಯಲ್ಲಿರುವುದು 92 ಎಂಬ ಸಂಕೇತ ಸಂಖ್ಯೆ, ಅಂದರೆ ‘ಮನೆಗೆಲಸ ಮಾತ್ರ’. ಆ ಸಂಖ್ಯೆ ಬಿದ್ದವರು ಕಾರ್ಮಿಕ ಬಲದಿಂದ ಹೊರಗೆ.

ತಾಯ್ತನವನ್ನು ಹೊಗಳುವುದರಲ್ಲಿ ಈ ಸಮಾಜ ಎಂದೂ ಜಿಪುಣತನ ತೋರಿಲ್ಲ. ತ್ಯಾಗಮಯಿ, ಮನೆಯ ದೀಪ, ಅನ್ನಪೂರ್ಣೆ ಎಂಬ ಬಿರುದುಗಳಿಗೆ ಕೊರತೆಯಿಲ್ಲ. ಆದರೆ ಹದಿನೈದು ವರ್ಷ ಮಕ್ಕಳನ್ನು ಸಾಕಿದ ಹೆಂಗಸು ಗಂಡನನ್ನು ಕಳೆದುಕೊಂಡರೆ, ಅಥವಾ ಸಂಸಾರ ಮುರಿದರೆ, ಆಕೆಯ ಹೆಸರಿನಲ್ಲಿ ಉಳಿಯುವುದೇನು? ಭವಿಷ್ಯನಿಧಿ ಇಲ್ಲ, ಪಿಂಚಣಿ ಇಲ್ಲ, ಅನುಭವದ ಪ್ರಮಾಣಪತ್ರವಿಲ್ಲ. ಎಷ್ಟೋ ಮನೆಗಳಲ್ಲಿ ಖಾತೆ ಪತ್ರದಲ್ಲಿ ಹೆಸರೂ ಇರುವುದಿಲ್ಲ. ಗೌರವದ ಪ್ರಶ್ನೆ ನಿಜವಾಗಿ ಇರುವುದು ಇಲ್ಲಿ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯನ್ನು ‘ಬಿಟ್ಟಿ ಭಾಗ್ಯ’ ಎಂದು ಹೀಗಳೆದವರು ಬಹಳ. ಆ ಮಾತು ಅನ್ಯಾಯದ್ದು. ತಿಂಗಳಿಗೆ 2,000 ರೂಪಾಯಿ ನೇರವಾಗಿ ತಮ್ಮ ಖಾತೆಗೆ ಬಂದಾಗ, ಔಷಧಿಗೋ ಮಗಳ ಫೀಸಿಗೋ ಕೈಚಾಚದೆ ಖರ್ಚು ಮಾಡುವ ಧೈರ್ಯ ಲಕ್ಷಾಂತರ ಹೆಂಗಸರಿಗೆ ಬಂದಿದೆ. ಆದರೆ ಅದು ಮನೆಗೆಲಸಕ್ಕೆ ಕೊಟ್ಟ ಸಂಬಳವಲ್ಲ. ಹಣ ಬರುವುದು ಪಡಿತರ ಚೀಟಿಯ ಯಜಮಾನಿಗೆ, ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಅತ್ತೆಯ ಹೆಸರಿದ್ದರೆ, ಕೂಸು ಕಂಕುಳಲ್ಲಿಟ್ಟುಕೊಂಡು ದಿನವಿಡೀ ದುಡಿಯುವ ಸೊಸೆಗೆ ಬಿಡಿಗಾಸೂ ಬರುವುದಿಲ್ಲ. ಗಂಡ ಆದಾಯ ತೆರಿಗೆ ಕಟ್ಟುವವನಾದರೂ ಅಷ್ಟೇ. ತೆರಿಗೆ ಕಟ್ಟುವ ಮನೆಯ ಹೆಂಗಸಿನ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂದು ಭಾವಿಸುವುದು ದೊಡ್ಡ ತಪ್ಪು.

ಆಸ್ತಿಯ ವಿಷಯದಲ್ಲಿ ಕಾರವಾರದ ಗಡಿ ದಾಟಿದರೆ ಚಿತ್ರವೇ ಬೇರೆ. ಪೋರ್ಚುಗೀಸರ ಕಾಲದಿಂದ ಉಳಿದು ಬಂದ ಗೋವಾದ ನಾಗರಿಕ ಸಂಹಿತೆಯಲ್ಲಿ, ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡಿರ ಆಸ್ತಿಯಲ್ಲಿ ಇಬ್ಬರಿಗೂ ಸಮಪಾಲು. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಮನೆ, ಜಮೀನು ಮಾರುವಂತಿಲ್ಲ. ದೇಶದ ಬಹುತೇಕ ಕಡೆ ಇಂಥ ಕಾನೂನಿಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. ಗಂಡ ಸೌದಿ ಅರೇಬಿಯಾದಲ್ಲಿ ದುಡಿದು ಹಣ ಕಳಿಸಿದ, ಹೆಂಡತಿ ಊರಲ್ಲಿದ್ದು ಮಕ್ಕಳನ್ನು ಬೆಳೆಸಿದಳು. ಆ ದುಡ್ಡಿನಲ್ಲಿ ಕೊಂಡ ಆಸ್ತಿಯಲ್ಲಿ ಆಕೆಗೂ ಸಮಪಾಲಿದೆ ಎಂದು ಕೋರ್ಟು ಹೇಳಿತು. ಆದರೆ ಇಂಥ ಹಕ್ಕಿಗಾಗಿ ಒಬ್ಬೊಬ್ಬ ಹೆಂಗಸೂ ವರ್ಷಗಟ್ಟಲೆ ಕೋರ್ಟು ಅಲೆಯುವಂತಾಗಬಾರದು. ಅದು ಶಾಸನವಾಗಬೇಕು.

ಶಾಸನ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಉಂಟು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಜುಲೈನ ತೀರ್ಪೊಂದರಲ್ಲಿ ಗಂಡಂದಿರಿಗೇ ನೇರವಾಗಿ ಹೇಳಿದರು: ಜಂಟಿ ಖಾತೆ ತೆರೆಯಿರಿ, ಎಟಿಎಂ ಕಾರ್ಡು ಹೆಂಡತಿಯ ಕೈಗೂ ಕೊಡಿ. ಸರ್ವೋಚ್ಚ ನ್ಯಾಯಾಲಯವೇ ಇಷ್ಟು ಸಣ್ಣ ವಿಷಯ ಹೇಳಬೇಕಾಯಿತಲ್ಲ ಎನ್ನಿಸಬಹುದು. ಆದರೆ ಅದು ಸಣ್ಣದಲ್ಲ. ಗಂಡ ಐಸಿಯುನಲ್ಲಿದ್ದಾಗ ಆಸ್ಪತ್ರೆಗೆ ಮುಂಗಡ ಕಟ್ಟಲು ಪಿನ್ ನಂಬರು ಗೊತ್ತಿಲ್ಲದೆ ಮೈದುನನ ಮುಂದೆ ನಿಲ್ಲಬೇಕಾಗಿ ಬಂದ ಹೆಂಗಸರಿಗೆ ಅದರ ತೂಕ ಗೊತ್ತು.

ಸರ್ಕಾರದ ಪಾಲೂ ಇದೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದೆ. ಪಟ್ಟಣದ ವಾರ್ಡುಗಳಿಗೂ ಅವು ಬಂದರೆ, ಕೆಲಸಕ್ಕೆ ಮರಳಬೇಕೆನ್ನುವ ತಾಯಿ ಮರಳಬಹುದು, ಮನೆಯಲ್ಲೇ ಇರುವ ತಾಯಿಗೆ ಎರಡು ಗಂಟೆ ಉಸಿರಾಡಲು ಬಿಡುವು ಸಿಗಬಹುದು. ಜರ್ಮನಿಯಲ್ಲಿ 1992ರಿಂದೀಚೆ ಹುಟ್ಟಿದ ಪ್ರತಿ ಮಗುವಿಗೆ ಮೂರು ವರ್ಷದ ಪಾಲನೆಯನ್ನು ಪಿಂಚಣಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಬ್ರಿಟನ್ನಿನಲ್ಲೂ ಮಗುವಿಗೆ 12 ತುಂಬುವವರೆಗೆ ಮನೆಯಲ್ಲುಳಿದ ಪೋಷಕರ ಪಿಂಚಣಿ ಲೆಕ್ಕ ಕಡಿಯದಂತೆ ನೋಡಿಕೊಳ್ಳುವ ವ್ಯವಸ್ಥೆಯಿದೆ. ನಮ್ಮಲ್ಲಿ ಗೃಹಲಕ್ಷ್ಮಿಗಾಗಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗಳು ಕೋಟಿಗೂ ಹೆಚ್ಚು ಹೆಂಗಸರ ಹೆಸರಿನಲ್ಲಿ ಈಗಾಗಲೇ ಇವೆ. ಅವುಗಳಿಗೆ ಒಂದು ಸಣ್ಣ ಪಿಂಚಣಿ ವಂತಿಗೆ ಜೋಡಿಸಲು, ಅತ್ತೆಯ ಚೀಟಿಯಲ್ಲಿ ಕಾಣೆಯಾದ ಸೊಸೆಯನ್ನೂ ಅದರೊಳಗೆ ತರಲು ಎಷ್ಟು ಹಣ ಬೇಕೆಂದು ಮುಂದಿನ ಬಜೆಟ್ಟಿಗೆ ಮೊದಲೇ ಲೆಕ್ಕ ಹಾಕಬೇಕು.