ಕೋಚ್ ಬದಲಾದ್ರು, ಔರಾದಿನ ಹುಡುಗನಿಗೇನು?

ಹಾಕಿ ಬಗ್ಗೆ ಬರೀತೀನಿ ಅಂದ್ರೆ ನಮ್ಮ ಬೀದರಿನಲ್ಲಿ ಜನ ನಗ್ತಾರೆ. ಕೊಡಗಿನವರು ಬರೆದರೆ ಅರ್ಥ ಇದೆ, ಬೆಂಗಳೂರಿನವರು ಬರೆದರೂ ಒಪ್ಪಬಹುದು. ಬೀದರ್, ಭಾಲ್ಕಿ, ಔರಾದಿನವರಿಗೆ ಹಾಕಿಯ ಉಸಾಬರಿ ಯಾಕೆ? ಈ ಪ್ರಶ್ನೆಯನ್ನ ಜನ ಇಷ್ಟು ಸಲೀಸಾಗಿ ಕೇಳೋ ಹಾಗೆ ಯಾಕಾಯ್ತು ಅನ್ನೋದೇ ನನ್ನ ತಕರಾರು. ಕ್ರಿಕೆಟ್ ಪ್ರಿಯರು ಇವತ್ತೊಂದಿನ ಸಹಿಸಿಕೊಳ್ಳಿ.

ಮೊದಲು ಮೇಲಿನವರ ಕಥೆ ಹೇಳಿಬಿಡ್ತೀನಿ, ಆಮೇಲೆ ಊರಿಗೆ ಬರೋಣ. ಭಾರತದ ಗಂಡಸರ ಹಾಕಿ ತಂಡಕ್ಕೆ 2013ರಿಂದ 2019ರ ನಡುವೆ ಎಷ್ಟು ಜನ ಕೋಚ್‌ಗಳು ಬಂದು ಹೋದರು ಗೊತ್ತಾ? 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಾವು 12ನೇ ಸ್ಥಾನ, ಅಂದ್ರೆ ಕೊನೇ ಸ್ಥಾನ. ಆಗಿನ ಕೋಚ್ ಮೈಕೆಲ್ ನಾಬ್ಸ್ 2013ರ ಜುಲೈನಲ್ಲಿ ಹೋದರು. ಟೆರ್ರಿ ವಾಲ್ಶ್ ಬಂದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸಿನ ಫೈನಲ್ಲಿನಲ್ಲಿ ಪಾಕಿಸ್ತಾನವನ್ನ ಸೋಲಿಸಿ 16 ವರ್ಷದ ಮೇಲೆ ಚಿನ್ನ ತಂದರು. ಅಂಥವರನ್ನ ತಲೆ ಮೇಲೆ ಹೊತ್ತು ಮೆರೆಸಬೇಕಿತ್ತು ತಾನೇ? ಎರಡು ತಿಂಗಳೊಳಗೆ ಅವರೂ ಗಂಟುಮೂಟೆ ಕಟ್ಟಿದರು, ಅಧಿಕಾರಿಗಳ ಜೊತೆ ಏಗಲಾರದೆ. ಆಮೇಲೆ ಪಾಲ್ ವಾನ್ ಆಸ್. ಅವರು 2015ರಲ್ಲಿ ಬಂದು ಅದೇ ವರ್ಷ ಜುಲೈನಲ್ಲಿ ಹೊರಗೆ. ಆಮೇಲೆ ರೋಲಂಟ್ ಓಲ್ಟ್‌ಮನ್ಸ್, 2017ರ ಸೆಪ್ಟೆಂಬರಿನಲ್ಲಿ ಅವರಿಗೂ ಗೇಟ್‌ಪಾಸ್. ಹೆಂಗಸರ ತಂಡದ ಕೋಚ್ ಆಗಿದ್ದ ಶೋರ್ಡ್ ಮರೈನ್ ಅವರನ್ನ ಎಳೆದುಕೊಂಡು ಬಂದು ಗಂಡಸರ ತಂಡಕ್ಕೆ ಹಾಕಿದರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪದಕ ಬರಲಿಲ್ಲ, ಅವರನ್ನ ವಾಪಸ್ ಹೆಂಗಸರ ತಂಡಕ್ಕೆ ಕಳಿಸಿ, ಅಲ್ಲಿದ್ದ ಹರೇಂದ್ರ ಸಿಂಗ್ ಅವರನ್ನ ಇಲ್ಲಿಗೆ ತಂದರು. ಬಸ್ ಸ್ಟ್ಯಾಂಡಿನಲ್ಲಿ ಸೀಟು ಬದಲಾಯಿಸಿಕೊಂಡ ಹಾಗೆ! ಆ ಡಿಸೆಂಬರಿನಲ್ಲಿ ಭುವನೇಶ್ವರದ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 2-1ರಲ್ಲಿ ಸೋತೆವು, ಜನವರಿಯಲ್ಲಿ ಹರೇಂದ್ರ ಕೂಡ ಹೋದರು.

ಆರು ವರ್ಷ, ಆರು ಜನ.

ಗಂಡಸರ ತಂಡಕ್ಕೆ ಆಗದವರು ಅಂತ ವಾಪಸ್ ಕಳಿಸಿದ್ದ ಅದೇ ಮರೈನ್, 2021ರಲ್ಲಿ ಟೋಕಿಯೋದಲ್ಲಿ ನಮ್ಮ ಹೆಣ್ಮಕ್ಕಳನ್ನ ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ಲಿಗೆ ಕರ್ಕೊಂಡು ಹೋದರು. ಜೊತೆಗೆ ವೇಯ್ನ್ ಲೊಂಬಾರ್ಡ್ ಅಂತ ಒಬ್ಬ ಫಿಟ್‌ನೆಸ್ ತಜ್ಞರಿದ್ದರು. ಆ ಹುಡುಗಿಯರು ನಾಲ್ಕನೇ ಕ್ವಾರ್ಟರಿನಲ್ಲೂ ಓಡ್ತಿದ್ದ ರೀತಿ ನೋಡಿದವರಿಗೆ ಅವರ ಕೆಲಸ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪೇಪರಿನವರು ಅಂಥವರ ಹೆಸರು ಕೊನೇ ಪ್ಯಾರಾದಲ್ಲಿ ಹಾಕ್ತಾರೆ, ಹಾಕಿದರೆ.

ಗ್ರಹಾಂ ರೀಡ್ ಬಂದ ಮೇಲೆ ಸ್ವಲ್ಪ ಬುದ್ಧಿ ಬಂತು ಅನ್ನಿ. 2019ರ ಏಪ್ರಿಲಿನಿಂದ ಹತ್ತಿರ ಹತ್ತಿರ ನಾಲ್ಕು ವರ್ಷ ಅವರನ್ನ ಇರಗೊಟ್ಟರು. ಫಲಿತಾಂಶ? ಟೋಕಿಯೋದಲ್ಲಿ ಜರ್ಮನಿಯನ್ನ 5-4ರಲ್ಲಿ ಸೋಲಿಸಿ 41 ವರ್ಷದ ಮೇಲೆ ಒಲಿಂಪಿಕ್ ಪದಕ. 2023ರ ಜನವರಿಯಲ್ಲಿ ಒಡಿಶಾದ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿಗೆ ಶೂಟೌಟಿನಲ್ಲಿ ಸೋತು ನಾವು 9ನೇ ಸ್ಥಾನಕ್ಕೆ ಇಳಿದಾಗ ರೀಡ್ ರಾಜೀನಾಮೆ ಕೊಟ್ಟರು. ಅವರ ಹಿಂದೆಯೇ ಅನಾಲಿಟಿಕಲ್ ಕೋಚ್ ಗ್ರೆಗ್ ಕ್ಲಾರ್ಕ್, ವೈಜ್ಞಾನಿಕ ಸಲಹೆಗಾರ ಮಿಚೆಲ್ ಪೆಂಬರ್ಟನ್ ಕೂಡ ಎದ್ದು ಹೋದರು. ಮುಖ್ಯ ಕೋಚ್ ಹೋದದ್ದು ಸುದ್ದಿ. ನನಗೆ ಕಳವಳ ಆಗಿದ್ದು ಉಳಿದ ಇಬ್ಬರು ಹೋದದ್ದಕ್ಕೆ. ಯಾವ ಹುಡುಗ ಎಷ್ಟು ಓಡಿದರೆ ದಣೀತಾನೆ, ಯಾರ ಮೊಣಕಾಲಿನಲ್ಲಿ ಹಳೇ ನೋವಿದೆ ಅನ್ನೋದು ಇಂಥವರ ವಹಿಯಲ್ಲೇ ಇರ್ತದೆ.

ಆಮೇಲೆ ಬಂದ ಕ್ರೇಗ್ ಫುಲ್ಟನ್ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಚಿನ್ನ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಕಂಚು ಗೆಲ್ಲಿಸಿದರು. ಸಾಲಾಗಿ ಎರಡು ಒಲಿಂಪಿಕ್ಸಿನಲ್ಲಿ ಪದಕ, 1972ರ ಮೇಲೆ ಇದೇ ಮೊದಲು. ನೋಡಿ, ರೀಡ್ ಬಿತ್ತಿದ್ದನ್ನ ಫುಲ್ಟನ್ ಕಿತ್ತು ಹಾಕಲಿಲ್ಲ. ತಂಡ ಹೆಚ್ಚೂಕಮ್ಮಿ ಅದೇ, ನಾಯಕ ಬದಲಾದರೂ ಬೆನ್ನೆಲುಬು ಅದೇ. ಗೋಲಿನಲ್ಲಿ ಶ್ರೀಜೇಶ್ ಇದ್ದೇ ಇದ್ದರು. ಅದೇ ಶ್ರೀಜೇಶ್ ನಿವೃತ್ತಿಯಾದ ಮೇಲೆ ಜೂನಿಯರ್ ತಂಡದ ಕೋಚ್ ಆಗಿ, 2025ರ ಡಿಸೆಂಬರಿನಲ್ಲಿ ತಮಿಳುನಾಡಿನಲ್ಲಿ ನಡೆದ ಜೂನಿಯರ್ ವಿಶ್ವಕಪ್ಪಿನಲ್ಲಿ ಕಂಚು ತಂದುಕೊಟ್ಟರು.

ನಮ್ಮ ಕಡೆ ತಾಲೀಮಿನಲ್ಲಿ ಕುಸ್ತಿ ಕಲಿಸೋ ವಸ್ತಾದ್ ಇರ್ತಾರಲ್ಲ, ಅವರನ್ನ ನೆನೆಸಿಕೊಳ್ಳಿ. ಜಾತ್ರೆಯ ಕುಸ್ತಿಯಲ್ಲಿ ಶಿಷ್ಯ ಚಿತ್ ಆದ ಅಂತ ಮರುದಿನ ವಸ್ತಾದರನ್ನ ತಾಲೀಮಿನಿಂದ ಓಡಿಸಿದ್ದು ಎಲ್ಲಾದರೂ ಕೇಳಿದ್ದೀರಾ? ಶಿಷ್ಯನಿಗೆ ನಾಲ್ಕು ಬೈಗುಳ ಬೀಳ್ತವೆ, ಬೆಳಿಗ್ಗೆ ಐದಕ್ಕೆ ಮತ್ತೆ ಮಣ್ಣು ಹದ ಮಾಡೋಕೆ ಹಚ್ತಾರೆ, ಅಷ್ಟೇ. ಮೂರು ತಲೆಮಾರಿಗೆ ಪಟ್ಟು ಹೇಳಿಕೊಟ್ಟ ವಸ್ತಾದರಿದ್ದಾರೆ. ಇಷ್ಟು ಸಣ್ಣ ವಿಷಯ ದಿಲ್ಲಿಯಲ್ಲಿ ಕೂತವರಿಗೆ ಹೊಳೆಯೋಕೆ ಆರು ವರ್ಷ, ಆರು ಕೋಚ್ ಬೇಕಾಯ್ತು.

ಸರಿ, ಈಗ ಕರ್ನಾಟಕಕ್ಕೆ ಬರೋಣ. ಇಲ್ಲಿ ನನಗೆ ಹೊಟ್ಟೆ ಉರಿಯುತ್ತೆ.

2016ರ ರಿಯೋ ಒಲಿಂಪಿಕ್ಸ್ ತಂಡದಲ್ಲಿ ನಮ್ಮ ರಾಜ್ಯದ ನಾಲ್ಕು ಜನ ಇದ್ದರು. ಎಸ್.ವಿ. ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ನಾಲ್ವರೂ ಕೊಡಗಿನ ಮಣ್ಣಿನವರು. ಟೋಕಿಯೋ ತಂಡದಲ್ಲಿ ಎಷ್ಟು? ಸೊನ್ನೆ. ಪ್ಯಾರಿಸ್ಸಿನಲ್ಲಿ? ಸೊನ್ನೆ. ಇಡೀ ಭಾರತ ತಂಡ ವರ್ಷದಲ್ಲಿ ಬಹುಪಾಲು ದಿನ ಕ್ಯಾಂಪ್ ಮಾಡೋದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ, ನಮ್ಮ ರಾಜಧಾನಿಯಲ್ಲಿ! ಅಲ್ಲಿ ಬೆವರು ಹರಿಸಿ ಎರಡು ಪದಕ ಗೆದ್ದರು, ಅದರಲ್ಲಿ ಒಬ್ಬನೂ ಕನ್ನಡದ ಹುಡುಗ ಇಲ್ಲ. (ಬೆಂಗಳೂರಿನ ಮೊಹಮ್ಮದ್ ರಾಹೀಲ್ ಆಮೇಲೆ ಭಾರತದ ಪರ ಆಡಿದ್ದಾನೆ, ಆ ಹುಡುಗನಿಗೆ ಒಳ್ಳೇದಾಗಲಿ.) ಇದಕ್ಕೆ ರೀಡ್ ಕಾರಣ ಅಲ್ಲ, ಫುಲ್ಟನ್ನೂ ಅಲ್ಲ. ಕೋಚ್ ಅನ್ನೋನು ಏಣಿಯ ಮೇಲಿನ ಮೆಟ್ಟಿಲಿನಲ್ಲಿ ನಿಂತು ಕೈ ಚಾಚ್ತಾನೆ. ಕೆಳಗಿನ ಮೆಟ್ಟಿಲುಗಳೇ ಮುರಿದಿದ್ರೆ ಯಾರ ಕೈ ಹಿಡೀಬೇಕು ಅವನು?

ಕೊಡಗಿನಲ್ಲಿ ಆ ಮೆಟ್ಟಿಲುಗಳನ್ನ ಜನರೇ ಕಟ್ಟಿಕೊಂಡರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನ ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ ಇವತ್ತು ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಹಬ್ಬ. ಅಲ್ಲಿ ಅಜ್ಜನೇ ಕೋಚ್, ಚಿಕ್ಕಪ್ಪನೇ ಸೆಲೆಕ್ಟರ್. ಒಡಿಶಾದ ಸುಂದರ್‌ಗಢದಲ್ಲಿ ಅದನ್ನ ಸರ್ಕಾರ ಕಟ್ಟಿತು. ಪಾನ್‌ಪೋಷ್ ಕ್ರೀಡಾ ಹಾಸ್ಟೆಲ್ 1985ರಿಂದ ಇದೆ. ಆದಿವಾಸಿಗಳ ಹಿಂದುಳಿದ ಜಿಲ್ಲೆ ಅದು. ಟೋಕಿಯೋದಲ್ಲಿ ಕಂಚು ಕೊರಳಿಗೆ ಹಾಕಿಕೊಂಡ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಇಬ್ಬರೂ ಆ ಜಿಲ್ಲೆಯವರು. ಹಿಂದುಳಿದಿರುವಿಕೆ ಅನ್ನೋದು ನೆಪ ಆಗೋಕೆ ಅವರು ಬಿಡಲಿಲ್ಲ. ನಮ್ಮಲ್ಲಿ 371(ಜೆ) ಬಂತು, ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯ್ತು, ರಸ್ತೆ ಆದವು, ಕೋಣೆಗಳಾದವು. ಹಾಕಿ ಕಲಿಸೋ ಒಬ್ಬ ಮನುಷ್ಯ?

ವೃತ್ತಿಪರ ತಂಡಗಳಾದರೂ ಏನಾದರೂ ಮಾಡಿದ್ವಾ? ಬೀದರಿಗೆ ಹತ್ತಿರದ ದೊಡ್ಡ ಊರು ಬೆಂಗಳೂರಲ್ಲ, ಹೈದರಾಬಾದ್. ರಸ್ತೆಯಲ್ಲಿ 140 ಕಿಲೋಮೀಟರ್ ಆಸುಪಾಸು. ದವಾಖಾನೆಗೂ ಅಲ್ಲಿಗೇ, ಮದುವೆ ಬಟ್ಟೆಗೂ ಅಲ್ಲಿಗೇ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಮೊದಲ ಕಪ್ ಎತ್ತಿದ್ದು ಹೈದರಾಬಾದ್ ಸುಲ್ತಾನ್ಸ್. ಲೆಕ್ಕದ ಪ್ರಕಾರ ಅದೇ ನಮ್ಮ ತಂಡ. 2008ಕ್ಕೆ ಆ ಲೀಗೇ ಮುಗೀತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಅದರಲ್ಲಿ ಕರ್ನಾಟಕ ಲಯನ್ಸ್ ಇತ್ತು. ಜೂಡ್ ಫೆಲಿಕ್ಸ್ ಕೋಚ್, ಅರ್ಜುನ್ ಹಾಲಪ್ಪ ನಾಯಕ. ಎಂಥ ಜೋಡಿ! ಒಂದೇ ಸೀಸನ್ನಿಗೆ ಅದೂ ಖಲಾಸ್. 2013ರಿಂದ 2017ರವರೆಗೆ ಹಾಕಿ ಇಂಡಿಯಾ ಲೀಗ್ ನಡೀತು, ನಿಂತಿತು, 2024ರ ಕೊನೆಗೆ ಮತ್ತೆ ಶುರುವಾಯ್ತು. ಆ ಸೀಸನ್ನಿನಲ್ಲಿ ಹೈದರಾಬಾದ್ ತೂಫಾನ್ಸ್ ಫೈನಲ್ ತನಕ ಹೋಗಿ ಬಂಗಾಳದ ತಂಡಕ್ಕೆ 4-3ರಲ್ಲಿ ಸೋತಿತು. ಕರ್ನಾಟಕದ ಹೆಸರಿನ ತಂಡ ಇರಲೇ ಇಲ್ಲ.

ಲೀಗ್ ನಿಂತಾಗ ಆಟಗಾರರಿಗೆ ಬೇರೆ ದಾರಿ ಇರ್ತದೆ, ರೈಲ್ವೆನೋ ಆಯಿಲ್ ಕಂಪನಿನೋ. ಯುವ ಆಟಗಾರರನ್ನ ಬೆಳೆಸೋಕೆ ಅಂತ ಇರೋ ಸಿಬ್ಬಂದಿ ಮಾತ್ರ ಮಂಜಿನ ಹಾಗೆ ಮಾಯ. ಎರಡು ತಿಂಗಳಿಗೆ ತಂಡ ಕಟ್ಟಿ, ಎರಡು ತಿಂಗಳಿಗೆ ಕೋಚ್ ಬಾಡಿಗೆಗೆ ತಂದರೆ ಅಲ್ಲಿ ಬೆಳೆಸೋದು ಅಂದ್ರೇನು? ಬೆಲ್ಜಿಯಂ ಉದಾಹರಣೆ ತಗೊಳ್ಳಿ. 1976ರ ಮೇಲೆ 2008ರವರೆಗೆ ಆ ದೇಶ ಒಲಿಂಪಿಕ್ ಹಾಕಿಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಊರೂರಿನ ಕ್ಲಬ್ಬುಗಳಲ್ಲಿ ಮಕ್ಕಳನ್ನ ಹಿಡಿದು ವರ್ಷಗಟ್ಟಲೆ ಕೂತರು. 2018ರಲ್ಲಿ ವಿಶ್ವಕಪ್, 2021ರಲ್ಲಿ ಒಲಿಂಪಿಕ್ ಚಿನ್ನ. ಆ ಚಿನ್ನ ಗೆದ್ದಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದವರೇ ಮುಂದೆ ನಮಗೆ ಬಂದ ಫುಲ್ಟನ್. ಅಲ್ಲಿಂದ ಒಬ್ಬ ಕೋಚನ್ನ ಕರೆತಂದೆವು, ಸರಿ. ಆ ಕ್ಲಬ್ಬುಗಳ ಕೆಲಸವನ್ನ ವಿಮಾನದಲ್ಲಿ ತರೋಕೆ ಆಗಲ್ಲವಲ್ಲ.

ಭಾಲ್ಕಿ ಕಡೆಯ ಒಂದು ಹೈಸ್ಕೂಲಿನ ಮಾತು ಹೇಳ್ತೀನಿ, ಹೆಸರು ಬೇಡ. ಅಲ್ಲಿಗೆ ದಕ್ಷಿಣದ ಜಿಲ್ಲೆಯಿಂದ ಒಬ್ಬರು ಪಿ.ಟಿ. ಸರ್ ಬಂದಿದ್ದರು. ಕಾಲೇಜಿನಲ್ಲಿ ಹಾಕಿ ಆಡಿದವರು. ಬೀದರ್ ಪಟ್ಟಣದ್ದು ಕೆಂಪು ಮಣ್ಣು, ಹೊಡೆದರೆ ಚೆಂಡು ಓಡ್ತದೆ. ಭಾಲ್ಕಿ, ಔರಾದ್ ಕಡೆ ಕರಿ ಎರೆಮಣ್ಣು. ಮಳೆಗಾಲದಲ್ಲಿ ಕಾಲು ಕಿತ್ತರೆ ಚಪ್ಪಲಿ ಬರಲ್ಲ, ಬೇಸಿಗೆಯಲ್ಲಿ ಬಿರುಕಿನೊಳಗೆ ಚೆಂಡೇ ಸಿಕ್ಕಿಕೊಳ್ತದೆ. ಸರ್ ಹುಡುಗರನ್ನ ಕಟ್ಟಿಕೊಂಡು ಎರಡು ಟ್ರ್ಯಾಕ್ಟರ್ ಗರಸು ಹಾಕಿಸಿ, ಬಡಿದು, ವಾಲಿಬಾಲ್ ಅಂಗಳಕ್ಕಿಂತ ಸ್ವಲ್ಪ ದೊಡ್ಡದೊಂದು ಜಾಗ ಸಮ ಮಾಡಿದರು. ಹನ್ನೆರಡೋ ಹದಿಮೂರೋ ಸ್ಟಿಕ್ಕು, ಅದರಲ್ಲಿ ಅರ್ಧ ಹಳೇವು. ಉಳಿದವರಿಗೆ ಜಾಲಿ ಟೊಂಗಿ. ಹುಡುಗಿಯರೂ ಆಡ್ತಿದ್ದರು. ಒಬ್ಬ ಎಡಚ ಹುಡುಗ ಇದ್ದ, ಔರಾದ್ ಕಡೆಯ ಹಳ್ಳಿಯವನು, ಹಾಸ್ಟೆಲಿನಲ್ಲಿದ್ದು ಓದ್ತಿದ್ದ. ಹಾಕಿಯಲ್ಲಿ ಎಡಗೈ ಸ್ಟಿಕ್ ಅಂತ ಇಲ್ಲವೇ ಇಲ್ಲ, ಎಲ್ಲರೂ ಬಲಗೈಯವರ ಹಾಗೇ ಹಿಡೀಬೇಕು. ಸರ್ ಆ ಹುಡುಗನನ್ನ ದಿನಾ ಸಂಜೆ ಅರ್ಧ ಗಂಟೆ ನಿಲ್ಲಿಸಿಕೊಂಡು ಬರೀ ಹಿಡಿತ ತಿದ್ದುತ್ತಿದ್ದರು. ನಾಲ್ಕು ತಿಂಗಳಿಗೆ ಅವನ ರಿವರ್ಸ್ ಹೊಡೆತ ನೋಡಬೇಕಿತ್ತು ನೀವು.

ಎರಡು ವರ್ಷಕ್ಕೆ ಸರ್‌ಗೆ ವರ್ಗಾವಣೆ ಆಯ್ತು. ಅವರೇ ಕೇಳಿ ತಗೊಂಡಿದ್ದು, ಊರಿನಲ್ಲಿ ವಯಸ್ಸಾದ ತಾಯಿ. ಅವರನ್ನ ದೂರೋಕೆ ನನಗೆ ಬಾಯಿ ಬರಲ್ಲ. ಮುಂದೆ ಬಂದವರು ಖೋಖೋ ಸರ್, ಅವರೂ ಒಳ್ಳೆಯವರೇ. ಗರಸಿನ ಮೇಲೆ ಖೋಖೋ ಕಂಬ ನಿಂತವು. ಸ್ಟಿಕ್ಕುಗಳು ಹೆಡ್‌ಮಾಸ್ತರ ಕೋಣೆಯ ಅಲಮಾರಿ ಹಿಂದೆ ಹೋದವು, ಹುಣಸೆಕಾಯಿ ಉದುರಿಸೋಕೆ ಆಗಾಗ ಹೊರಗೆ ಬರ್ತಿದ್ದವು. ಎಡಚ ಹುಡುಗ ಈಗ ಹೈದರಾಬಾದಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ.

ಟೆರ್ರಿ ವಾಲ್ಶ್ ಹೋದಾಗ ಮೂರು ತಿಂಗಳಲ್ಲಿ ಇನ್ನೊಬ್ಬರು ಬಂದರು, ಪೇಪರಿನಲ್ಲಿ ಸಂಪಾದಕೀಯ ಬಂತು. ಈ ಸರ್ ಹೋದಾಗ ಒಂದು ಶಾಲೆಯಲ್ಲಿ ಒಂದು ಆಟವೇ ಸತ್ತುಹೋಯ್ತು, ಸುದ್ದಿ ನೋಟಿಸ್ ಬೋರ್ಡಿಗೂ ಬರಲಿಲ್ಲ.

ಇದನ್ನೆಲ್ಲ ಪಕ್ಕದ ಮನೆಯ ಕಾಕಾ ಎದುರು ಹೇಳಿದೆ. ಅವರು ಚಹಾ ಬಸಿಗೆ ಹಾಕಿಕೊಳ್ಳುತ್ತಾ, “ಅಲ್ಲೋ ತಮ್ಮಾ, ಕುಡೀಲಿಕ್ಕ ನೀರು ಸರಿಯಾಗಿ ಬರಲ್ಲ, ನೀ ಹಾಕಿ ಕೋಚ್ ಕೇಳ್ಲತ್ತಿ. ಖಾಲಿಪೀಲಿ ಮಾತು” ಅಂದರು.

“ಕಾಕಾ, ನೀರೂ ಕೇಳ್ರಿ, ಬ್ಯಾಡ ಅಂದವ್ರ್ಯಾರು? ನಿಮ್ಮ ಮೊಮ್ಮಗ ದಿನಾ ನಾಲ್ಕ್ ತಾಸು ಮೊಬೈಲ್ ನೋಡ್ತಾನಲ್ರೀ, ಅದಕ್ಕೇನು ಮಾಡ್ತೀರಿ?” ಅಂದೆ. ಕಾಕಾ ಮಾತು ಬದಲಿಸಿ ಸೋಯಾ ರೇಟಿಗೆ ಹೋದರು.

ನನ್ನ ಬೇಡಿಕೆ ದೊಡ್ಡದಲ್ಲ. ಬೀದರಿನ ನೆಹರು ಕ್ರೀಡಾಂಗಣಕ್ಕೆ ಒಬ್ಬ ಹಾಕಿ ಕೋಚ್, ಭಾಲ್ಕಿಗೊಬ್ಬರು, ಔರಾದಿಗೊಬ್ಬರು. ಐದು ವರ್ಷ ವರ್ಗ ಇಲ್ಲ ಅನ್ನೋ ಕರಾರು, ಅದಕ್ಕೆ ತಕ್ಕ ಪಗಾರ ಮತ್ತು ಮನೆ. ಅವರು ಹೋಗಲೇಬೇಕಾದರೆ ಮುಂದೆ ಬರೋರು ಆರು ತಿಂಗಳು ಜೊತೆಗಿದ್ದು ಕಲಿತ ಮೇಲೆ ಹೋಗಲಿ, ಪ್ರತಿ ಮಗುವಿನ ಹೆಸರು ಬರೆದ ಒಂದು ವಹಿ ಕೈಯಿಂದ ಕೈಗೆ ದಾಟಲಿ. ನೀಲಿ ಟರ್ಫ್ ಈಗಲೇ ಬೇಡ. ಐದೈದು ಜನರ ಹಾಕಿ ಬಂದಿದೆಯಲ್ಲ, ಅದಕ್ಕೆ ಸಣ್ಣ ಅಂಗಳ, ಗಟ್ಟಿ ಗರಸು, ನಲವತ್ತು ಸ್ಟಿಕ್ಕು ಸಾಕು. ಎಡಚ ಹುಡುಗನ ತಮ್ಮ ಈಗ ಎಂಟನೇ ಕ್ಲಾಸು. ಅವನೂ ಎಡಚನೇ.